ಮಾದಕ ವ್ಯಸನಿಗೆ ಜೈಲು ಮದ್ದೇ?

"ಡಾಕ್ಟ್ರೇ, ಇವನನ್ನು ಇಲ್ಲಿಗೆ ಕರೆತಂದ ವಿಷಯ ಪೊಲೀಸರಿಗೆ ಗೊತ್ತಾಗುತ್ತದೆಯೇ?"

ಮಗನಿಗೆ ಮಾದಕ ವಸ್ತುವಿನ ಚಟ ಅಂಟಿದೆ ಎಂದು ತಿಳಿದ ತಂದೆ-ತಾಯಿ ವೈದ್ಯರ ಎದುರು ಕುಳಿತಾಗ, ಕಾಯಿಲೆ ವಾಸಿಯಾಗುತ್ತದೆಯೇ ಎಂದು ಕೇಳುವುದಕ್ಕೂ ಮೊದಲು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಇದು. ಮಗನಿಗೆ ಜ್ವರ ಬಂದರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡುವ ನಾವು ಈ ಒಂದು ಕಾಯಿಲೆಯನ್ನು ಮಾತ್ರ ಬಾಗಿಲು ಮುಚ್ಚಿ ಬಚ್ಚಿಡುತ್ತೇವೆ. ನೆಂಟರಿಷ್ಟರ ಮುಂದೆ ಮಾನ ಹೋದೀತೆಂಬ ಅಂಜಿಕೆ ಒಂದು ಕಡೆ, ಕೇಸು-ಕೋರ್ಟು-ಜೈಲಿನ ಭಯ ಇನ್ನೊಂದು ಕಡೆ. ಈ ಎರಡರ ನಡುವೆ ತಿಂಗಳುಗಳು ಉರುಳುತ್ತವೆ, ಕಾಯಿಲೆ ಬಲಿಯುತ್ತದೆ.

ವ್ಯಸನಿಯನ್ನು ಅಪರಾಧಿಯೆಂದು ಕಾಣಬೇಕೇ, ರೋಗಿಯೆಂದು ಕಾಣಬೇಕೇ? ಜೈಲಿಗೆ ಹಾಕಿದರೆ ಚಟ ಬಿಡುತ್ತದೆಯೇ? ಹಾಕದಿದ್ದರೆ ಊರೆಲ್ಲ ಹಾಳಾಗುವುದಿಲ್ಲವೇ? ಈ ಪ್ರಶ್ನೆಗಳಿಗೆ ಒಂದು ದೇಶ ಇಪ್ಪತ್ತು ವರ್ಷಗಳಿಗೂ ಮೀರಿದ ತನ್ನ ಅನುಭವದಿಂದ ಉತ್ತರ ಕೊಟ್ಟಿದೆ. ಅದು 1961ರವರೆಗೆ ನಮ್ಮ ನೆರೆಯ ಗೋವೆಯನ್ನು ಆಳಿದ ಪುಟ್ಟ ದೇಶ, ಪೋರ್ಚುಗಲ್. ಅಲ್ಲಿನ ಕಥೆಗೆ ಹೋಗುವ ಮುನ್ನ ವ್ಯಸನವೆಂದರೇನು ಎಂಬುದನ್ನು ಸ್ವಲ್ಪ ತಿಳಿಯೋಣ.

ವ್ಯಸನ ಬರೀ ಕೆಟ್ಟ ಅಭ್ಯಾಸವೇ?

ಹೆರಾಯಿನ್, ಬ್ರೌನ್ ಶುಗರ್, ಅಫೀಮು ಇವೆಲ್ಲ ಒಂದೇ ಗುಂಪಿಗೆ ಸೇರಿದ ಪದಾರ್ಥಗಳು. ಇವು ಮಿದುಳಿನಲ್ಲಿ ಸುಖದ ಅನುಭವ ಕೊಡುವ ಭಾಗವನ್ನು ನೇರವಾಗಿ ಪ್ರಚೋದಿಸುತ್ತವೆ. ಪದೇ ಪದೇ ತೆಗೆದುಕೊಂಡಾಗ ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ. ನಿನ್ನೆ ಸಾಕಾಗಿದ್ದ ಪ್ರಮಾಣ ಇಂದು ಸಾಲುವುದಿಲ್ಲ. ಇದನ್ನು ವೈದ್ಯರು 'ತಾಳಿಕೆ' ಎನ್ನುತ್ತಾರೆ.

ಹೀಗೆ ಒಗ್ಗಿದ ದೇಹಕ್ಕೆ ಮಾದಕ ವಸ್ತು ಸಿಗದೆ ಹೋದರೆ ಹಿಂತೆಗೆತದ ಚಿಹ್ನೆಗಳು ಕಾಣಿಸಿಕೊಳ್ಳುತ್ತವೆ. ಹೆರಾಯಿನ್ ಸೇವಿಸುವವನಿಗೆ ಕೊನೆಯ ಸೇವನೆಯಾದ ಎಂಟು-ಹನ್ನೆರಡು ಗಂಟೆಗಳಲ್ಲೇ ಆಕಳಿಕೆ ಶುರುವಾಗುತ್ತದೆ. ಕಣ್ಣು-ಮೂಗಿನಲ್ಲಿ ನೀರು, ಮೈ-ಕೈ ನೋವು, ಚಳಿ, ವಾಂತಿ, ಭೇದಿ, ನಿದ್ರೆಯಿಲ್ಲದ ಚಡಪಡಿಕೆ ಒಂದರ ಹಿಂದೊಂದು ಬರುತ್ತವೆ. ಎರಡನೆಯ, ಮೂರನೆಯ ದಿನ ಇದರ ಕಾಟ ವಿಪರೀತ. ಈ ಯಾತನೆಯಿಂದ ಪಾರಾಗಲು ಆತ ಮನೆಯ ಪಾತ್ರೆ ಮಾರುತ್ತಾನೆ, ಸುಳ್ಳು ಹೇಳುತ್ತಾನೆ, ಕದಿಯುತ್ತಾನೆ. "ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು" ಎಂದು ಹೊರಗಿನವರು ಹೇಳುವುದು ಸುಲಭ. ಮನಸ್ಸನ್ನು ಗಟ್ಟಿ ಮಾಡಬೇಕಾದ ಮಿದುಳೇ ಕಾಯಿಲೆಗೆ ಸಿಕ್ಕಿರುತ್ತದೆ ಎಂಬುದನ್ನು ನಾವು ಮರೆಯಬಾರದು.

ಜೈಲಿನೊಳಗೆ ಏನಾಗುತ್ತದೆ?

"ಆರು ತಿಂಗಳು ಒಳಗಿದ್ದರೆ ತಾನಾಗಿಯೇ ಬುದ್ಧಿ ಬರುತ್ತದೆ" ಎಂದು ಹಲವರು ನಂಬಿದ್ದಾರೆ. ಮೇಲ್ನೋಟಕ್ಕೆ ಸರಿಯೆನಿಸುವ ಈ ನಂಬಿಕೆಯಲ್ಲಿ ಮೂರು ಅಪಾಯಗಳು ಅಡಗಿವೆ.

ಮೊದಲನೆಯದು, ಹಿಂತೆಗೆತದ ಯಾತನೆ. ಔಷಧಿಯಿಲ್ಲದೆ, ದಾದಿಯರಿಲ್ಲದೆ, ಇಕ್ಕಟ್ಟಿನ ಕೋಣೆಯಲ್ಲಿ ವಾಂತಿ-ಭೇದಿಯಾದರೆ ದೇಹದ ನೀರಿನಂಶ ಇಳಿದು ಜೀವಕ್ಕೇ ಕುತ್ತು ಬರಬಹುದು.

ಎರಡನೆಯದು, ಸೋಂಕು. ಜಗತ್ತಿನ ಅನೇಕ ದೇಶಗಳ ಜೈಲುಗಳಲ್ಲಿ ಮಾದಕ ವಸ್ತು ಕದ್ದುಮುಚ್ಚಿ ಒಳಗೆ ಬರುತ್ತದೆ, ಆದರೆ ಶುದ್ಧವಾದ ಸೂಜಿ ಬರುವುದಿಲ್ಲ. ಒಂದೇ ಸೂಜಿ ಹತ್ತು ಕೈ ದಾಟಿದಾಗ ಎಚ್‌ಐವಿ ಮತ್ತು ಹೆಪಟೈಟಿಸ್-ಸಿ ಸುಲಭವಾಗಿ ಹರಡುತ್ತವೆ. ಗಾಳಿ-ಬೆಳಕಿಲ್ಲದ ಕಿಕ್ಕಿರಿದ ಬ್ಯಾರಕ್ಕುಗಳಲ್ಲಿ ಕ್ಷಯರೋಗದ ಕಾಟ ಬೇರೆ.

ಮೂರನೆಯದು ಎಲ್ಲಕ್ಕಿಂತ ಘೋರವಾದದ್ದು, ಮತ್ತು ಮನೆಯವರಿಗೆ ಬಹುಮಟ್ಟಿಗೆ ತಿಳಿಯದಿರುವಂಥದ್ದು. ಜೈಲಿನಲ್ಲಿ ಕೆಲವು ತಿಂಗಳು ಮಾದಕ ವಸ್ತು ಸಿಗದಿದ್ದಾಗ ದೇಹದ ತಾಳಿಕೆ ಇಳಿದುಹೋಗುತ್ತದೆ. ಚಿಕಿತ್ಸೆ ಆಗಿರದ ಕಾರಣ ಮಿದುಳಿನ ಹಂಬಲ ಮಾತ್ರ ಹಾಗೆಯೇ ಉಳಿದಿರುತ್ತದೆ. ಬಿಡುಗಡೆಯಾದವನು ಹಳೆಯ ಗೆಳೆಯರನ್ನು ಸೇರಿ ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತಾನೆ. ದೇಹ ಅದನ್ನು ತಡೆಯಲಾರದು. ಉಸಿರಾಟ ನಿಲ್ಲುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಹೊರಬಂದ 30 ಸಾವಿರಕ್ಕೂ ಹೆಚ್ಚು ಜನರ ಬಗ್ಗೆ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯ ಮೊದಲ ಎರಡು ವಾರಗಳಲ್ಲಿ ಅತಿಸೇವನೆಯಿಂದ ಸಾಯುವ ಸಂಭವ ಇತರ ನಾಗರಿಕರಿಗಿಂತ ಅವರಲ್ಲಿ 129 ಪಟ್ಟು ಹೆಚ್ಚಾಗಿತ್ತು! ಮಗ ಮನೆಗೆ ಬಂದನೆಂದು ತಾಯಿ ನಿಟ್ಟುಸಿರು ಬಿಡುವ ಆ ಹದಿನಾಲ್ಕು ದಿನಗಳೇ ಅತ್ಯಂತ ಅಪಾಯದ ದಿನಗಳು.

ಪೋರ್ಚುಗಲ್ ಹಿಡಿದ ದಾರಿ

ಪೋರ್ಚುಗಲ್‌ನಲ್ಲಿ 1974ರವರೆಗೆ ಸರ್ವಾಧಿಕಾರವಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಕ್ರಾಂತಿಯಾಗಿ, ಆಫ್ರಿಕದ ವಸಾಹತುಗಳಿಂದ ಸೈನಿಕರು, ವಲಸೆ ಹೋಗಿದ್ದ ಕುಟುಂಬಗಳು ಲಕ್ಷಗಟ್ಟಲೆಯಲ್ಲಿ ಹಿಂದಿರುಗಿದರು. ಅಲ್ಲಿಯವರೆಗೆ ಮುಚ್ಚಿದ್ದ ದೇಶದ ಬಾಗಿಲು ಒಮ್ಮೆಲೇ ತೆರೆಯಿತು. ಸ್ವಾತಂತ್ರ್ಯದ ಜೊತೆಗೆ ಗಾಂಜಾ, ಅದರ ಬೆನ್ನಿಗೇ ಹೆರಾಯಿನ್ ಒಳಬಂದವು. 1990ರ ದಶಕದ ಕೊನೆಯ ಹೊತ್ತಿಗೆ ಒಂದು ಕೋಟಿ ಜನಸಂಖ್ಯೆಯ ಆ ದೇಶದಲ್ಲಿ ಸುಮಾರು ಒಂದು ಲಕ್ಷ ಮಂದಿ, ಅಂದರೆ ನೂರಕ್ಕೆ ಒಬ್ಬರು, ಹೆರಾಯಿನ್‌ಗೆ ಸಿಕ್ಕಿದ್ದರೆಂಬ ಅಂದಾಜು. ರಾಜಧಾನಿ ಲಿಸ್ಬನ್‌ನ ಕಸಲ್ ವೆಂಟೋಸೋ ಎಂಬ ಬಡಾವಣೆಯಲ್ಲಿ ಹಾಡಹಗಲೇ ರಸ್ತೆಯಲ್ಲಿ ಚುಚ್ಚಿಕೊಳ್ಳುವ ದೃಶ್ಯ ಸಾಮಾನ್ಯವಾಗಿತ್ತು. ಬಡವರು-ಬಲ್ಲಿದರೆನ್ನದೆ ಎಲ್ಲ ಮನೆಗಳಿಗೂ ಈ ಪಿಡುಗು ಹೊಕ್ಕಿತ್ತು.

1998ರಲ್ಲಿ ಸರ್ಕಾರ ಒಂದು ತಜ್ಞರ ಸಮಿತಿಯನ್ನು ನೇಮಿಸಿತು. ಆಗ ಪ್ರಧಾನಿಯಾಗಿದ್ದವರು ಮುಂದೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾದ ಅಂಟೋನಿಯೊ ಗುಟೆರಸ್. ದೇಶದ ದಕ್ಷಿಣ ಭಾಗದ ಕುಟುಂಬ ವೈದ್ಯ ಜೊವಾವ್ ಗೊಲಾವ್ ಈ ಸಮಿತಿಯಲ್ಲಿದ್ದರು. ಮುಂದೆ ಮಾದಕ ವ್ಯಸನ ತಡೆಯ ರಾಷ್ಟ್ರೀಯ ಹೊಣೆ ಬಹುಕಾಲ ಅವರ ಹೆಗಲ ಮೇಲಿತ್ತು. ಸಮಿತಿಯ ಸಲಹೆಯಂತೆ 2000ದಲ್ಲಿ ಹೊಸ ಕಾನೂನು ಬಂತು. 2001ರ ಜುಲೈ 1ರಿಂದ ಜಾರಿಯಾಯಿತು.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಮಾದಕ ವಸ್ತುವನ್ನು ಅಂಗಡಿಯಲ್ಲಿಟ್ಟು ಮಾರಬಹುದೆಂದು ಪೋರ್ಚುಗಲ್ ಹೇಳಲಿಲ್ಲ. ಮಾರುವುದು, ಸಾಗಿಸುವುದು ಇಂದಿಗೂ ಅಲ್ಲಿ ಜೈಲು ಶಿಕ್ಷೆಯ ಅಪರಾಧ. ಬಳಸುವುದೂ ನಿಷಿದ್ಧವೇ. ಆದರೆ ಸ್ವಂತ ಬಳಕೆಗೆ ಹತ್ತು ದಿನಕ್ಕಾಗುವಷ್ಟು ಇಟ್ಟುಕೊಂಡು ಸಿಕ್ಕಿಬಿದ್ದವನನ್ನು ಕ್ರಿಮಿನಲ್ ಕೋರ್ಟಿಗೆ ಎಳೆಯುವುದನ್ನು ನಿಲ್ಲಿಸಿತು. ಹೆರಾಯಿನ್ ಆದರೆ 1 ಗ್ರಾಂ, ಕೊಕೇನ್ 2 ಗ್ರಾಂ, ಗಾಂಜಾ 25 ಗ್ರಾಂ ಎಂಬ ಲೆಕ್ಕ ಕೊಟ್ಟಿತು. ಇದನ್ನೇ ಅಪರಾಧಮುಕ್ತಗೊಳಿಸುವುದು ಎನ್ನುತ್ತಾರೆ. ಕಾನೂನುಬದ್ಧಗೊಳಿಸುವುದು ಬೇರೆ, ಇದು ಬೇರೆ.

ನ್ಯಾಯಾಧೀಶರ ಬದಲು ಮೂವರ ಮೇಜು

ಸಿಕ್ಕಿಬಿದ್ದವನ ಕೈಯಲ್ಲಿರುವುದನ್ನು ಪೊಲೀಸರು ವಶಪಡಿಸಿಕೊಂಡು, ಎಪ್ಪತ್ತೆರಡು ಗಂಟೆಗಳೊಳಗೆ ಆಯಾ ಜಿಲ್ಲೆಯ ಒಂದು ಮಂಡಳಿಯ ಮುಂದೆ ಹಾಜರಾಗಬೇಕೆಂದು ಹೇಳಿ ಕಳಿಸುತ್ತಾರೆ. ಮಂಡಳಿಯಲ್ಲಿ ಮೂವರು ಸದಸ್ಯರು. ಒಬ್ಬರು ಕಾನೂನು ಬಲ್ಲವರು. ಉಳಿದಿಬ್ಬರು ವೈದ್ಯರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು. ಕಟಕಟೆಯಿಲ್ಲ, ಕರಿಕೋಟಿಲ್ಲ. ಮೇಜಿನ ಸುತ್ತ ಕುಳಿತು ಮಾತುಕತೆ. ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದಿ, ಕೆಲಸ ಇದೆಯೇ, ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸುತ್ತಾರೆ.

ಮೊದಲ ಸಲ ಸಿಕ್ಕವನು, ವ್ಯಸನಿಯಲ್ಲದವನು ಆಗಿದ್ದರೆ ಪ್ರಕರಣವನ್ನು ತಡೆಹಿಡಿದು ಬುದ್ಧಿ ಹೇಳಿ ಕಳಿಸುತ್ತಾರೆ. ಮಂಡಳಿಯ ಮುಂದೆ ಬರುವವರಲ್ಲಿ ಹೆಚ್ಚಿನವರು ಗಾಂಜಾ ಸೇದಿ ಸಿಕ್ಕ ಇಂಥ ಹುಡುಗರೇ. ಮತ್ತೆ ಮತ್ತೆ ಬಂದರೆ ದಂಡ, ಸಮಾಜಸೇವೆ, ಕೆಲವು ಜಾಗಗಳಿಗೆ ಹೋಗದಂತೆ ನಿರ್ಬಂಧ ಹೇರಬಹುದು. ವ್ಯಸನಿ ಎಂದು ಕಂಡುಬಂದರೆ ಚಿಕಿತ್ಸೆಯ ದಾರಿ ತೋರಿಸುತ್ತಾರೆ. ಒಪ್ಪಿಕೊಂಡರೆ ಪ್ರಕರಣ ಅಲ್ಲಿಗೇ ನಿಲ್ಲುತ್ತದೆ. ಬಲವಂತವಾಗಿ ಆಸ್ಪತ್ರೆಗೆ ಸೇರಿಸುವ ಅಧಿಕಾರ ಮಂಡಳಿಗಿಲ್ಲ. ಹೆಸರಿನ ಮುಂದೆ ಅಪರಾಧಿ ಎಂಬ ಪಟ್ಟ ಬೀಳದ ಕಾರಣ ಮುಂದೆ ನೌಕರಿಗೆ ಅಡ್ಡಿಯಾಗುವುದಿಲ್ಲ. ನೌಕರಿ ಸಿಕ್ಕವನು ಮತ್ತೆ ಚಟಕ್ಕೆ ಬೀಳುವ ಸಂಭವ ಕಡಿಮೆ ಎಂಬುದನ್ನು ಈ ಕ್ಷೇತ್ರದಲ್ಲಿ ದುಡಿದವರೆಲ್ಲ ಬಲ್ಲರು.

ಕಾನೂನಿನ ಜೊತೆಗೇ ಚಿಕಿತ್ಸೆಗೂ ಹಣ ಸುರಿಯಲಾಯಿತು. ಹೆರಾಯಿನ್‌ನ ಹಂಬಲ ತಣಿಸಿ ದಿನನಿತ್ಯದ ಬಾಳಿಗೆ ಮರಳಲು ನೆರವಾಗುವ ಮೆಥಡೋನ್ ಎಂಬ ಔಷಧಿ ಊರೂರಿಗೆ ತಲುಪಿತು. ಚಿಕಿತ್ಸೆಯಲ್ಲಿದ್ದವರ ಸಂಖ್ಯೆ 1998ರಲ್ಲಿ ಸುಮಾರು 23,600 ಇದ್ದದ್ದು 2008ರಲ್ಲಿ 38,500ಕ್ಕೆ ಏರಿತು.

ಜೈಲುಗಳು ಖಾಲಿಯಾದವೇ?

ಫಲಿತಾಂಶ ಹೀಗಿದೆ. ಮಾದಕ ವಸ್ತು ಪ್ರಕರಣಗಳಲ್ಲಿ ಕ್ರಿಮಿನಲ್ ಕೋರ್ಟಿಗೆ ಹೋಗುತ್ತಿದ್ದವರು 2000ದಲ್ಲಿ 14 ಸಾವಿರಕ್ಕೂ ಹೆಚ್ಚು. ಹೊಸ ಕಾನೂನಿನ ನಂತರ ವರ್ಷಕ್ಕೆ ಸರಾಸರಿ 5,000ದಿಂದ 5,500ಕ್ಕೆ ಇಳಿದರು. 1999ರಲ್ಲಿ ಅಲ್ಲಿನ ಕೈದಿಗಳ ಪೈಕಿ ನೂರಕ್ಕೆ 44 ಮಂದಿ ಮಾದಕ ವಸ್ತುವಿಗೆ ಸಂಬಂಧಿಸಿದ ಅಪರಾಧಗಳಿಗಾಗಿ ಒಳಗಿದ್ದರು. 2008ರಲ್ಲಿ ಈ ಪ್ರಮಾಣ 21ಕ್ಕೆ ಇಳಿಯಿತು. 2001ರಲ್ಲಿ ನೂರು ಜನರ ಜಾಗದಲ್ಲಿ 119 ಕೈದಿಗಳನ್ನು ತುರುಕಿದ್ದರೆ, 2005ರಲ್ಲಿ ಅದು 101.5ಕ್ಕೆ ಬಂತು.

ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. 2001ಕ್ಕೆ ಮೊದಲೂ ಬರೀ ಸೇವಿಸಿದ ತಪ್ಪಿಗೆ ಜೈಲಿನಲ್ಲಿ ಕೊಳೆಯುತ್ತಿದ್ದವರು ಅಲ್ಲಿ ಕೆಲವರು ಮಾತ್ರ. ಹಾಗಾದರೆ ಇಳಿದದ್ದು ಹೇಗೆ? ಚಟದ ಖರ್ಚಿಗಾಗಿ ಕದಿಯುವವನು, ನಾಲ್ಕು ಪೊಟ್ಟಣ ಮಾರಿ ಐದನೆಯದನ್ನು ತಾನು ಸೇದುವವನು, ಇಂಥವರೇ ಜೈಲು ತುಂಬುತ್ತಿದ್ದವರು. ಚಿಕಿತ್ಸೆ ಸಿಕ್ಕಾಗ ಆ ಖರ್ಚೇ ಇಲ್ಲವಾಗುತ್ತದೆ. ಜೈಲಿಗೆ ಹೋಗುವ ಕಾರಣವೂ ತಪ್ಪುತ್ತದೆ. ಚಿಲ್ಲರೆ ಕೇಸುಗಳಿಂದ ಬಿಡುವು ಸಿಕ್ಕ ಪೊಲೀಸರಿಗೆ ದೊಡ್ಡ ದೊಡ್ಡ ಸಾಗಣೆದಾರರ ಬೆನ್ನು ಹತ್ತಲು ಸಮಯವೂ ದೊರೆಯುತ್ತದೆ.

ಇನ್ನೊಂದು ಮಾತು. ಒಟ್ಟು ಕೈದಿಗಳ ಸಂಖ್ಯೆ ಇಳಿದೇ ಉಳಿಯಲಿಲ್ಲ. 2013ರ ಹೊತ್ತಿಗೆ ಅದು ಮತ್ತೆ 14 ಸಾವಿರ ಮುಟ್ಟಿತ್ತು. ಬೇರೆ ಅಪರಾಧಗಳು, ದೀರ್ಘವಾದ ಶಿಕ್ಷೆಗಳು ಜೈಲನ್ನು ತುಂಬಬಲ್ಲವು. ಮಾದಕ ವಸ್ತುವಿನ ಕಾನೂನೊಂದರಿಂದಲೇ ಜೈಲುಗಳೆಲ್ಲ ಖಾಲಿಯಾಗುತ್ತವೆ ಎನ್ನುವುದು ಅತಿಶಯೋಕ್ತಿ.

ಆರೋಗ್ಯದ ಮಟ್ಟಿಗೆ ಮಾತ್ರ ಲಾಭ ಕಣ್ಣಿಗೆ ರಾಚುವಂತಿದೆ. ಸೂಜಿಯಿಂದ ಎಚ್‌ಐವಿ ತಗುಲಿದ ಹೊಸ ಪ್ರಕರಣಗಳು 2001ರಲ್ಲಿ ಸಾವಿರಕ್ಕೂ ಹೆಚ್ಚಿದ್ದವು. 2019ರಲ್ಲಿ ಇಪ್ಪತ್ತಕ್ಕಿಂತ ಕಡಿಮೆ. 1993ರಿಂದಲೇ ಔಷಧಿ ಅಂಗಡಿಗಳಲ್ಲಿ ಹಳೆಯ ಸೂಜಿ ಕೊಟ್ಟು ಹೊಸದನ್ನು ಪಡೆಯುವ ವ್ಯವಸ್ಥೆ ಇದ್ದುದೂ ಇದಕ್ಕೆ ಕಾರಣ. ಅತಿಸೇವನೆಯಿಂದ ಸಾಯುವವರ ಪ್ರಮಾಣ ಪಶ್ಚಿಮ ಯುರೋಪಿನಲ್ಲೇ ಅತಿ ಕಡಿಮೆ ಇರುವ ದೇಶಗಳಲ್ಲಿ ಪೋರ್ಚುಗಲ್ ಒಂದಾಯಿತು. ದೇಶವೆಲ್ಲ ಅಮಲಿನಲ್ಲಿ ಮುಳುಗುತ್ತದೆಂಬ ಭಯ ನಿಜವಾಗಲಿಲ್ಲ. ಮೊದಲ ಕೆಲವು ವರ್ಷ ವಯಸ್ಕರ ಬಳಕೆ ಕೊಂಚ ಏರಿದ್ದು ಹೌದು. ಆದರೆ ಕಾನೂನು ಬದಲಿಸದ ನೆರೆಯ ದೇಶಗಳಲ್ಲೂ ಅದು ಏರಿತ್ತು.

ಅರ್ಧ ಕೆಲಸ ಮಾಡಿದರೆ

2012ರಲ್ಲಿ ಆರ್ಥಿಕ ಮುಗ್ಗಟ್ಟಿನ ನಡುವೆ ಪೋರ್ಚುಗಲ್ ತನ್ನ ಚಿಕಿತ್ಸಾ ವ್ಯವಸ್ಥೆಯನ್ನು ಹರಿದು ಹಂಚಿತು, ಹಣವೂ ಕಡಿಮೆಯಾಯಿತು. ಮುಂದೆ ಪೋರ್ಟೊ ನಗರದ ಬೀದಿಗಳಲ್ಲಿ ಮತ್ತೆ ಬಹಿರಂಗವಾಗಿ ಸೇವಿಸುವವರು ಕಾಣಿಸಿಕೊಂಡಾಗ ಜನ ದೂರಿದರು.

ಅಮೆರಿಕದ ಓರೆಗಾನ್ ರಾಜ್ಯದ ಅನುಭವ ಇನ್ನೂ ಕಹಿ. ಅಲ್ಲಿನ ಮತದಾರರು 2020ರಲ್ಲಿ ಒಪ್ಪಿದ ಕಾನೂನು 2021ರ ಫೆಬ್ರುವರಿಯಲ್ಲಿ ಜಾರಿಯಾಯಿತು. ಸಿಕ್ಕಿಬಿದ್ದವನಿಗೆ ಪೊಲೀಸರು 100 ಡಾಲರ್ ದಂಡದ ಚೀಟಿ ಕೊಡಬೇಕು. ಆತ ಸಹಾಯವಾಣಿಗೆ ಫೋನು ಮಾಡಿದರೆ ದಂಡ ಮನ್ನಾ. ಎದುರು ಕುಳಿತು ವಿಚಾರಿಸುವ ಮಂಡಳಿ ಇಲ್ಲ. ಬಹುಪಾಲು ಜನ ಚೀಟಿಯನ್ನು ಲೆಕ್ಕಕ್ಕೇ ಇಡಲಿಲ್ಲ. ಫೋನು ಮಾಡಿದವರು ಬೆರಳೆಣಿಕೆಯಷ್ಟು. ಚಿಕಿತ್ಸೆಗೆಂದು ಇಟ್ಟ ಹಣ ತಡವಾಗಿ ಬಿಡುಗಡೆಯಾಯಿತು. ಅದೇ ಹೊತ್ತಿಗೆ ಹೆರಾಯಿನ್‌ಗಿಂತ ಎಷ್ಟೋ ಪಟ್ಟು ತೀಕ್ಷ್ಣವಾದ ಫೆಂಟನಿಲ್ ಬೀದಿಗೆ ಬಂತು. ಜನ ರೋಸಿಹೋದರು. 2024ರ ಸೆಪ್ಟೆಂಬರ್ 1ರಿಂದ ಅಲ್ಲಿ ಮಾದಕ ವಸ್ತು ಇಟ್ಟುಕೊಳ್ಳುವುದು ಮತ್ತೆ ಅಪರಾಧವಾಯಿತು.

ಪೊಲೀಸರು ಎದ್ದುಹೋದ ಕುರ್ಚಿಯಲ್ಲಿ ವೈದ್ಯರು ಬಂದು ಕೂರಬೇಕು. ಕುರ್ಚಿ ಖಾಲಿ ಉಳಿದರೆ ಯಾವ ಕಾನೂನೂ ಯಾರನ್ನೂ ಕಾಯಲಾರದು. ಎರಡೂ ಅನುಭವಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣುವುದು ಇದೇ.

ನಮ್ಮ ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಮಾದಕ ವಸ್ತುಗಳ ಸೇವನೆ 1985ರ ಕಾಯಿದೆಯಂತೆ ಅಪರಾಧ. ಹೆರಾಯಿನ್, ಕೊಕೇನ್‌ಗಳಂಥವನ್ನು ಸೇವಿಸಿದರೆ ಒಂದು ವರ್ಷದವರೆಗೆ, ಇತರ ಕೆಲವಕ್ಕೆ ಆರು ತಿಂಗಳವರೆಗೆ ಶಿಕ್ಷೆ, ಅಥವಾ ದಂಡ, ಇಲ್ಲವೇ ಎರಡೂ. ಆದರೆ ಅದೇ ಕಾಯಿದೆಯಲ್ಲಿ ಹಲವರಿಗೆ ಗೊತ್ತಿರದ ಒಂದು ಬಾಗಿಲಿದೆ. ಅದು 64-ಎ ಕಲಮು. ಸೇವಿಸಿದ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡ ಆರೋಪ ಹೊತ್ತ ವ್ಯಸನಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲಿ ತಾನಾಗಿಯೇ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟರೆ ಆ ರಕ್ಷಣೆ ಹಿಂದೆ ಹೋಗಬಹುದು. ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೂ ಜೈಲಿನ ಬದಲು ಚಿಕಿತ್ಸೆಗೆ ಕಳಿಸುವ ಅವಕಾಶವನ್ನು 39ನೆಯ ಕಲಮು ನ್ಯಾಯಾಲಯಕ್ಕೆ ಕೊಟ್ಟಿದೆ.

ಬಾಗಿಲಿದ್ದರೂ ದಾಟುವವರು ವಿರಳ. 2019ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆ ಸಿದ್ಧಪಡಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ಅಕ್ರಮ ಮಾದಕ ವಸ್ತುಗಳಿಗೆ ಅಂಟಿಕೊಂಡವರಲ್ಲಿ ಎಂದಾದರೂ ಒಳರೋಗಿಯಾಗಿ ಚಿಕಿತ್ಸೆ ಪಡೆದವರು ಇಪ್ಪತ್ತಕ್ಕೆ ಒಬ್ಬರು ಮಾತ್ರ. ಇತ್ತ ಜೈಲುಗಳ ಸ್ಥಿತಿ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಮಂದಿಯಲ್ಲಿ ಪ್ರತಿ ನಾಲ್ವರಿಗೆ ಮೂವರು ವಿಚಾರಣಾಧೀನ ಕೈದಿಗಳು, ಇನ್ನೂ ತೀರ್ಪಾಗದವರು. ಇಂಥ ಜೈಲಿಗೆ ಇನ್ನೊಬ್ಬ ರೋಗಿಯನ್ನು ಸೇರಿಸಿದರೆ ಯಾರಿಗೆ ಲಾಭ?

ನೀವು ಏನು ಮಾಡಬಹುದು?

1. ಮನೆಯಲ್ಲಿ ಹುಡುಗ ಅಥವಾ ಹುಡುಗಿ ಏಕಾಏಕಿ ಓದಿನಲ್ಲಿ ಹಿಂದೆ ಬಿದ್ದರೆ, ನಿದ್ರೆ-ಊಟದ ಹೊತ್ತು ಅಡಿಮೇಲಾದರೆ, ಹಣ-ಒಡವೆ ಕಾಣೆಯಾಗತೊಡಗಿದರೆ, ಹಳೆಯ ಗೆಳೆಯರು ದೂರವಾದರೆ ಗಮನಿಸಿ. ಇವಕ್ಕೆ ಬೇರೆ ಕಾರಣಗಳೂ ಇರಬಹುದು. ಬೈಯುವ ಮೊದಲು ಕುಳಿತು ಮಾತಾಡಿ.

2. ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸಲು ಹೋಗಬೇಡಿ. ಅದರಲ್ಲೂ ಮದ್ಯ ಮತ್ತು ನಿದ್ರೆ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬಂದು ಪ್ರಾಣಕ್ಕೇ ಅಪಾಯವಾಗಬಹುದು.

3. ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416. ಎರಡಕ್ಕೂ ಹಣ ತೆರಬೇಕಿಲ್ಲ.

4. ಬಂಧು-ಮಿತ್ರರು ಯಾರಾದರೂ ಇಂಥ ಕೇಸಿನಲ್ಲಿ ಸಿಕ್ಕಿದ್ದರೆ 64-ಎ ಮತ್ತು 39ನೆಯ ಕಲಮುಗಳ ಬಗ್ಗೆ ವಕೀಲರನ್ನು ಕೇಳಿ. ವ್ಯಸನದ ವಿಷಯವನ್ನು ಜೈಲಿನ ವೈದ್ಯರಿಗೆ ಮೊದಲ ದಿನವೇ ತಿಳಿಸಿ.

5. ಜೈಲಿನಿಂದಾಗಲಿ, ವ್ಯಸನಮುಕ್ತಿ ಕೇಂದ್ರದಿಂದಾಗಲಿ ಮನೆಗೆ ಬಂದವರನ್ನು ಮೊದಲ ಎರಡು ವಾರ ಒಂಟಿಯಾಗಿ ಬಿಡಬೇಡಿ. ಹಳೆಯ ಪ್ರಮಾಣ ಈಗ ಪ್ರಾಣ ತೆಗೆಯಬಲ್ಲದು ಎಂಬುದನ್ನು ಅವರಿಗೆ ನೇರವಾಗಿಯೇ ಹೇಳಿ. ಅದೇ ವಾರ ವೈದ್ಯರಲ್ಲಿಗೆ ಕರೆದೊಯ್ಯಿರಿ. ಹಂಬಲ ತಗ್ಗಿಸುವ ಬ್ಯೂಪ್ರೆನಾರ್ಫಿನ್‌ನಂಥ ಔಷಧಿಗಳಿವೆ. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ ತುಟಿ ನೀಲಿಯಾಗುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ ಕೂಡಲೇ 108ಕ್ಕೆ ಫೋನು ಮಾಡಿ.

6. ಒಮ್ಮೆ ಬಿಟ್ಟವರು ಮತ್ತೆ ಚಟಕ್ಕೆ ಬಿದ್ದರೆ ಕೈಚೆಲ್ಲಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂತೆ ಇದೂ ಮರುಕಳಿಸಬಹುದಾದ ಕಾಯಿಲೆ. ಮತ್ತೆ ಚಿಕಿತ್ಸೆ ಕೊಡಿಸಬಹುದು.

ಇನ್ನು ಮೊದಲ ಪ್ರಶ್ನೆಗೆ ಬರೋಣ. ಪೊಲೀಸರಿಗೆ ಗೊತ್ತಾಗುತ್ತದೆಯೇ? 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮನೋರೋಗಗಳನ್ನೂ ಕಾಯಿಲೆಯೆಂದೇ ಒಪ್ಪಿಕೊಂಡಿದೆ. ರೋಗಿಯ ವಿಷಯವನ್ನು ಗುಟ್ಟಾಗಿಡುವ ಹೊಣೆಯನ್ನು ವೈದ್ಯರ ಮೇಲೆ ಹೊರಿಸಿದೆ. ನ್ಯಾಯಾಲಯದ ಆದೇಶ, ಬೇರೆಯವರಿಗೆ ಅಪಾಯ ಮುಂತಾದ ಕೆಲವೇ ಸಂದರ್ಭಗಳು ಇದಕ್ಕೆ ಹೊರತು. ಹಾಗಾಗಿ ಧೈರ್ಯವಾಗಿ ಬನ್ನಿ. ನಿಮ್ಮ ಮಗನ ಕೈಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿ. ತಡ ಮಾಡಿದಷ್ಟೂ ಆ ಮೆಟ್ಟಿಲು ಎತ್ತರವಾಗುತ್ತ ಹೋಗುತ್ತದೆ.